ಒಂದೇ ಕಂಟೇನರ್, ಮೂರು ನೆಟ್‌ವರ್ಕ್: ಗಂಗಾವತಿಯ ರೈಸ್‌ಮಿಲ್ ಲೆಕ್ಕದಲ್ಲಿ

ಗಂಗಾವತಿಯಿಂದ ಕಾರಟಗಿ ಕಡೆ ಹೊರಟರೆ ದಾರಿಯುದ್ದಕ್ಕೂ ರೈಸ್‌ಮಿಲ್‌ಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬೆಳೆದ ಭತ್ತ ಬಂದು ಬೀಳುವುದು ಇಲ್ಲಿಗೇ. ಆ ಮಿಲ್‌ಗಳಲ್ಲಿ ಕೆಲವಕ್ಕೆ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ, ಕಾಟಾ ಎಲ್ಲ ನೋಡಿಕೊಳ್ಳುವವನು ನಾನು. ಬಿಲ್ಲಿಂಗ್ ಪ್ರೋಗ್ರಾಂಗಳನ್ನು ಡಾಕರ್ ಕಂಟೇನರ್‌ಗೆ, ಅಂದರೆ ಪ್ರತಿ ಪ್ರೋಗ್ರಾಂ ಬೇರೆ ಬೇರೆಯಾಗಿ ಓಡುವ ಡಬ್ಬಿಗೆ, ಹಾಕಿದಾಗಿನಿಂದ ಹುಡುಗರು ಕೇಳುವ ಪ್ರಶ್ನೆ ಒಂದೇ: ಅಣ್ಣಾ, ಒಂದು ಕಂಟೇನರನ್ನು ಎರಡು-ಮೂರು ನೆಟ್‌ವರ್ಕಿಗೆ ಸೇರಿಸೋದು ಹೇಗೆ? ಸೇರಿಸುವುದು ಒಂದು ಸಾಲಿನ ಕೆಲಸ. ಸೇರಿಸಿದ ಮೇಲೆ ಇಂಟರ್ನೆಟ್ ಯಾಕೆ ಹೋಯಿತು, ಹೆಸರು ಯಾಕೆ ಸಿಗುತ್ತಿಲ್ಲ ಎನ್ನುವುದು ನಿಜವಾದ ತಲೆನೋವು. ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲೇ ಒಂದು ಮಾತು. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ನೆಟ್‌ವರ್ಕ್‌ಗೆ, ಕಂಟೇನರ್‌ಗೆ ಇಟ್ಟ ಕನ್ನಡ ಹೆಸರುಗಳೂ ಹಾಗೇ.

ಯಾರು ಯಾರನ್ನು ಕಾಣಬಾರದು

ಕಮಾಂಡ್ ಹೊಡೆಯುವ ಮೊದಲು ಕಾಗದ ತೆಗೆದುಕೊಳ್ಳಿ. ಯಾರು ಯಾರ ಜೊತೆ ಮಾತಾಡಬೇಕು ಎಂದು ಎಲ್ಲರೂ ಬರೆಯುತ್ತಾರೆ. ಯಾರು ಯಾರನ್ನು ಕಾಣಬಾರದು ಎಂದು ಬರೆಯುವವರು ಕಮ್ಮಿ. ನನ್ನ ಪ್ರಕಾರ ಎರಡನೆಯದನ್ನೇ ಮೊದಲು ಬರೆಯಬೇಕು. ಎಲ್ಲರೂ ಎಲ್ಲರನ್ನೂ ಕಾಣಬಹುದು ಅನ್ನುವುದಾದರೆ ಒಂದೇ ನೆಟ್‌ವರ್ಕ್ ಸಾಕು, ಈ ರಗಳೆಯೇ ಬೇಡ.

ನಮ್ಮ ಒಂದು ಮಿಲ್‌ನ ಪೆಟ್ಟಿಗೆಯಲ್ಲಿ, ಅಂದರೆ ಸರ್ವರ್ ಕಂಪ್ಯೂಟರಿನಲ್ಲಿ, ಮೂರು ಕಂಟೇನರ್ ಇವೆ. 'ಬಾಗಿಲು' ಅಂದರೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್. ಆಫೀಸಿನ ಬೇರೆ ಕಂಪ್ಯೂಟರ್‌ಗಳ ಬ್ರೌಸರ್ ಬಂದು ತಟ್ಟುವುದು ಇದನ್ನು. 'ಬಿಲ್' ನಮ್ಮ ಪ್ರೋಗ್ರಾಂ. 'ಡಿಬಿ' ಪೋಸ್ಟ್‌ಗ್ರೆಸ್ ಡೇಟಾಬೇಸ್, ರೈತರ ಹೆಸರು, ಚೀಲದ ಲೆಕ್ಕ, ಬಾಕಿ ಎಲ್ಲ ಅದರಲ್ಲಿ. ಇವುಗಳ ಜೊತೆಗೆ ಹೊರಗೆ ಅಂಗಳದಲ್ಲಿ ಕಾಟಾ ಇದೆ. ಅದರ ಇಂಡಿಕೇಟರ್‌ನ ಸೀರಿಯಲ್ ವೈರಿಗೆ ಒಂದು ಈಥರ್ನೆಟ್ ಕನ್ವರ್ಟರ್ ಕೂರಿಸಿ ಬೇರೆಯದೇ ಸ್ವಿಚ್‌ಗೆ ತಂದಿದ್ದೇವೆ.

ಕಾಗದದ ಮೇಲೆ ಬರುವುದು ಇಷ್ಟು: ಬಾಗಿಲು ಡಿಬಿಯನ್ನು ಕಾಣಬಾರದು. ಡಿಬಿ ಇಂಟರ್ನೆಟ್ ಕಾಣಬಾರದು. ಕಾಟಾದ ಸ್ವಿಚ್ ಕಂಟೇನರ್‌ಗಳಲ್ಲಿ ಬಿಲ್ ಒಂದನ್ನು ಬಿಟ್ಟು ಯಾರನ್ನೂ ಕಾಣಬಾರದು. ಬಿಲ್ ಮಾತ್ರ ಎಲ್ಲರನ್ನೂ ಕಾಣಬೇಕು, ಮೇಲಾಗಿ ಲಾರಿ ಸಾಗಾಟಕ್ಕೆ ಬೇಕಾದ ಇ-ವೇ ಬಿಲ್ ತೆಗೆಯಲು ಇಂಟರ್ನೆಟ್ಟೂ ಬೇಕು. ಮಿಲ್‌ನ ಗುಮಾಸ್ತರ ಕೋಣೆಗೆ ಅಂಗಳದ ಕಡೆ ಒಂದು ಕಿಟಕಿ, ಗೋದಾಮಿನ ಕಡೆ ಒಂದು ಬಾಗಿಲು ಇರುತ್ತದಲ್ಲ, ಬಿಲ್‌ನದ್ದು ಅದೇ ಜಾಗ.

ಹಾಗಾಗಿ ಮೂರು ನೆಟ್‌ವರ್ಕ್: 'ಮುಂದೆ', 'ಒಳಗೆ', 'ಕಾಟಾ'.

ಕೈಯಿಂದ ಮಾಡುವುದು

ಮೊದಲ ಎರಡು ನೆಟ್‌ವರ್ಕ್ ಸುಲಭ, ಎರಡೂ 'ಬ್ರಿಜ್' ಬಗೆಯವು, ಅಂದರೆ ಪೆಟ್ಟಿಗೆಯ ಒಳಗೇ ಕಂಟೇನರ್‌ಗಳನ್ನು ಜೋಡಿಸುವಂಥವು:

ಡಾಕರ್ ನೆಟ್‌ವರ್ಕ್ ಕ್ರಿಯೇಟ್ ಮುಂದೆ
ಡಾಕರ್ ನೆಟ್‌ವರ್ಕ್ ಕ್ರಿಯೇಟ್ --ಇಂಟರ್ನಲ್ ಒಳಗೆ

ಇಂಟರ್ನಲ್ ಎಂದರೆ ಆ ನೆಟ್‌ವರ್ಕಿನಿಂದ ಹೊರಗೆ ದಾರಿಯೇ ಇಲ್ಲ. ಅದರಲ್ಲಿ ಮಾತ್ರ ಇರುವ ಕಂಟೇನರ್‌ಗೆ ಇಂಟರ್ನೆಟ್ ಸಿಗದು. ಇಮೇಜ್, ಅಂದರೆ ಕಂಟೇನರ್ ಹುಟ್ಟಿಸುವ ಅಚ್ಚು, ಇಳಿಸಲು ತೊಂದರೆಯಿಲ್ಲ, ಅದು ಹಿನ್ನೆಲೆಯಲ್ಲಿ ಓಡುವ ಡಾಕರ್ ಡೀಮನ್‌ನ ಕೆಲಸ, ಕಂಟೇನರಿನದ್ದಲ್ಲ. ಆದರೆ ಡಿಬಿ ಕಂಟೇನರ್ ಒಳಗೆ ಕೂತು ಬ್ಯಾಕಪ್ಪನ್ನು ಕ್ಲೌಡಿಗೆ ಕಳಿಸುತ್ತೇನೆ ಅಂದರೆ ಆಗುವುದಿಲ್ಲ. ನಾನು ಹೋಸ್ಟ್‌ನ (ಕಂಟೇನರ್‌ಗಳು ಓಡುವ ಆ ಪೆಟ್ಟಿಗೆಯ) ಕ್ರಾನ್‌ನಲ್ಲಿ, ಅಂದರೆ ಗೊತ್ತಾದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆಯಲ್ಲಿ, ಡಾಕರ್ ಎಕ್ಸೆಕ್ ಮೂಲಕ ಪಿಜಿ-ಡಂಪ್ ಓಡಿಸಿ, ಫೈಲನ್ನು ಹೋಸ್ಟ್‌ನಿಂದಲೇ ಕಳಿಸುತ್ತೇನೆ.

ಈಗ ಕಂಟೇನರ್‌ಗಳು:

ಡಾಕರ್ ರನ್ -ಡಿ --ನೇಮ್ ಡಿಬಿ --ನೆಟ್‌ವರ್ಕ್ ಒಳಗೆ --ಎನ್ವ್-ಫೈಲ್ ಗುಟ್ಟು.ಎನ್ವ್ ಪೋಸ್ಟ್‌ಗ್ರೆಸ್:16
ಡಾಕರ್ ರನ್ -ಡಿ --ನೇಮ್ ಬಿಲ್ --ನೆಟ್‌ವರ್ಕ್ ಮುಂದೆ ಬಿಲ್-ಇಮೇಜ್
ಡಾಕರ್ ನೆಟ್‌ವರ್ಕ್ ಕನೆಕ್ಟ್ ಒಳಗೆ ಬಿಲ್
ಡಾಕರ್ ರನ್ -ಡಿ --ನೇಮ್ ಬಾಗಿಲು --ನೆಟ್‌ವರ್ಕ್ ಮುಂದೆ -ಪಿ 8080:80 ಎಂಜಿನ್‌ಎಕ್ಸ್

ವಾಲ್ಯೂಮ್, ಅಂದರೆ ಡೇಟಾವನ್ನು ಕಂಟೇನರ್ ಆಚೆ ಉಳಿಸುವ ಜಾಗ, ಇಲ್ಲಿ ಬರೆದಿಲ್ಲ. ನೀವು ಬಿಡಬೇಡಿ, ಕಂಟೇನರ್ ತೆಗೆದ ದಿನ ಲೆಕ್ಕವೆಲ್ಲ ಹೋದೀತು. ಎಂಜಿನ್‌ಎಕ್ಸ್‌ನ ಸಂರಚನೆ ಫೈಲನ್ನೂ ನೀವೇ ಕೂಡಿಸಿಕೊಳ್ಳಿ.

ಮೂರನೇ ಸಾಲೇ ಈ ಬರಹದ ಹೂರಣ. ಓಡುತ್ತಿರುವ ಕಂಟೇನರನ್ನು ನಿಲ್ಲಿಸದೆಯೇ ಇನ್ನೊಂದು ನೆಟ್‌ವರ್ಕಿಗೆ ಸೇರಿಸಬಹುದು. ಕಂಟೇನರ್ ಒಳಗೆ ಇನ್ನೊಂದು ಇಂಟರ್‌ಫೇಸ್ ಹುಟ್ಟುತ್ತದೆ, ಅದಕ್ಕೆ ಬೇರೆ ವಿಳಾಸ. ಹೆಸರುಗಳ ಕ್ರಮ ನೆನಪಿಡಿ: ಮೊದಲು ನೆಟ್‌ವರ್ಕ್, ಆಮೇಲೆ ಕಂಟೇನರ್. ಹುಡುಗರು ಸದಾ ತಿರುಗಿಸಿ ಬರೆಯುತ್ತಾರೆ.

ಕನೆಕ್ಟ್ ಸೇರಿಸುತ್ತದೆ, ಹಳೆಯದನ್ನು ಬಿಡಿಸುವುದಿಲ್ಲ. --ನೆಟ್‌ವರ್ಕ್ ಹೇಳದೆ ಹುಟ್ಟಿಸಿದ ಕಂಟೇನರ್ ಡಾಕರ್‌ನ ಮಾಮೂಲಿ 'ಬ್ರಿಜ್' ನೆಟ್‌ವರ್ಕಿನಲ್ಲಿ ಕೂತಿರುತ್ತದೆ, ಸಾಮಾನ್ಯವಾಗಿ 172.17 ರ ವಿಳಾಸ. ಅದನ್ನು ಇನ್ನೊಂದು ಕಡೆ ಸೇರಿಸಿದರೂ ಈ ಕಾಲು ಅಲ್ಲೇ ಉಳಿಯುತ್ತದೆ. ಬೇಡವಾದರೆ ನೀವೇ ಬಿಡಿಸಬೇಕು: ಡಾಕರ್ ನೆಟ್‌ವರ್ಕ್ ಡಿಸ್ಕನೆಕ್ಟ್ ಬ್ರಿಜ್ ಬಿಲ್.

ಪ್ರೋಗ್ರಾಂ ಶುರುವಾಗುವಾಗಲೇ ಡಿಬಿ ಬೇಕು, ಇಲ್ಲದಿದ್ದರೆ ಬಿದ್ದುಹೋಗುತ್ತದೆ ಎನ್ನುವವರಿಗೆ ಎರಡು ದಾರಿ. ಡಾಕರ್ ಎಂಜಿನ್ 25, ಅಂದರೆ 2024ರ ಜನವರಿಯದು, ಅಥವಾ ಅದಕ್ಕಿಂತ ಹೊಸದಿದ್ದರೆ ರನ್ ಕಮಾಂಡಿನಲ್ಲೇ --ನೆಟ್‌ವರ್ಕ್ ಮುಂದೆ --ನೆಟ್‌ವರ್ಕ್ ಒಳಗೆ ಎಂದು ಎರಡು ಸಲ ಬರೆಯಿರಿ. ಹಳೆಯ ಡಾಕರ್ ಆದರೆ ರನ್ ಬದಲು ಡಾಕರ್ ಕ್ರಿಯೇಟ್ ಮಾಡಿ, ಆಮೇಲೆ ಕನೆಕ್ಟ್, ಕೊನೆಗೆ ಡಾಕರ್ ಸ್ಟಾರ್ಟ್.

ಹೋಸ್ಟ್ ನೆಟ್‌ವರ್ಕಿನಲ್ಲಿ ಓಡುತ್ತಿರುವ ಕಂಟೇನರ್‌ಗೆ ಇದ್ಯಾವುದೂ ನಡೆಯದು. ಅದು ಹೋಸ್ಟ್‌ನ ನೆಟ್‌ವರ್ಕನ್ನೇ ಹಂಚಿಕೊಂಡಿರುವುದರಿಂದ ಇನ್ನೊಂದಕ್ಕೆ ಸೇರಿಸಲು ಡಾಕರ್ ಒಪ್ಪುವುದಿಲ್ಲ. 'ಕೆಲಸ ಆಗ್ತಿಲ್ಲ, ಹೋಸ್ಟ್‌ಗೆ ಹಾಕಿಬಿಡೋಣ' ಎನ್ನುವ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಕಾಗದದ ಮೇಲೆ ಬರೆದದ್ದೆಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತದೆ, ಅಷ್ಟೇ.

ಹೆಸರು ಹಿಡಿದು ಕರೆಯಿರಿ

ನಾವು ಕ್ರಿಯೇಟ್ ಮಾಡಿದ ನೆಟ್‌ವರ್ಕ್‌ಗಳಲ್ಲಿ ಡಾಕರ್ ತನ್ನದೇ ಡಿಎನ್ಎಸ್ (ಹೆಸರು ಹೇಳಿದರೆ ಐಪಿ ವಿಳಾಸ ಕೊಡುವ ವ್ಯವಸ್ಥೆ) ಇಟ್ಟಿರುತ್ತದೆ, ಕಂಟೇನರ್ ಒಳಗಿಂದ ನೋಡಿದರೆ 127.0.0.11 ರಲ್ಲಿ. ಅದರಿಂದ ಬಿಲ್ ಪ್ರೋಗ್ರಾಂನಲ್ಲಿ ಡೇಟಾಬೇಸಿನ ವಿಳಾಸ ಎಂದು 'ಡಿಬಿ' ಎಂದಷ್ಟೇ ಬರೆದರೆ ಸಾಕು, ಪೋರ್ಟ್ 5432. ಐಪಿ ಬರೆಯಬೇಡಿ; ಕರೆಂಟ್ ಹೋಗಿ ಬಂದು ಕಂಟೇನರ್‌ಗಳು ಬೇರೆ ಕ್ರಮದಲ್ಲಿ ಎದ್ದರೆ ಐಪಿ ಅದಲು ಬದಲಾಗುತ್ತದೆ. 'ಲೋಕಲ್‌ಹೋಸ್ಟ್' ಅಂತೂ ಬೇಡವೇ ಬೇಡ, ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ. ಮಾಮೂಲಿ ಬ್ರಿಜ್‌ನಲ್ಲಿ ಈ ಹೆಸರಿನ ಸೌಕರ್ಯ ಇಲ್ಲ. ಹಳೆಯ ಪಾಠಗಳಲ್ಲಿ ಅದಕ್ಕೆ --ಲಿಂಕ್ ಹಾಕಿ ಅನ್ನುತ್ತಾರೆ. ಬಿಡಿ, ಅದರ ಕಾಲ ಮುಗಿಯಿತು.

ಎರಡು ನೆಟ್‌ವರ್ಕಿನಲ್ಲಿರುವ ಕಂಟೇನರ್‌ಗೆ ಒಂದು ಎಡವಟ್ಟು ಕಾದಿರುತ್ತದೆ. ಎರಡೂ ಕಡೆ 'ಡಿಬಿ' ಎಂಬ ಹೆಸರಿನವರು ಇದ್ದರೆ ಉತ್ತರ ಯಾರದ್ದು ಬರುತ್ತದೆ ಎಂದು ನೆಚ್ಚಿಕೊಳ್ಳಲಾಗದು. ಒಂದೇ ಪೆಟ್ಟಿಗೆಯಲ್ಲಿ ಎರಡು ಮಿಲ್‌ಗಳ ಲೆಕ್ಕ ಓಡಿಸುವವರು, ಅಣ್ಣನದೊಂದು ತಮ್ಮನದೊಂದು ಮಿಲ್ ಇರುವ ಕಡೆ ಇದು ನಮ್ಮಲ್ಲಿ ಮಾಮೂಲು, 'ಅಣ್ಣ-ಡಿಬಿ', 'ತಮ್ಮ-ಡಿಬಿ' ಎಂದು ಹೆಸರನ್ನೇ ಬೇರೆ ಇಡಿ. ಅಥವಾ ಕನೆಕ್ಟ್ ಮಾಡುವಾಗ --ಅಲಿಯಾಸ್ ಕೊಟ್ಟು ಆ ನೆಟ್‌ವರ್ಕಿಗೆ ಮಾತ್ರ ಸಲ್ಲುವ ಇನ್ನೊಂದು ಹೆಸರು ಇಡಿ.

ಪರೀಕ್ಷೆ ಎರಡೂ ಕಡೆಯಿಂದ ಆಗಬೇಕು:

ಡಾಕರ್ ಎಕ್ಸೆಕ್ ಬಿಲ್ ಗೆಟ್‌ಎಂಟ್ ಹೋಸ್ಟ್ಸ್ ಡಿಬಿ
ಡಾಕರ್ ಎಕ್ಸೆಕ್ ಬಾಗಿಲು ಗೆಟ್‌ಎಂಟ್ ಹೋಸ್ಟ್ಸ್ ಡಿಬಿ

ಮೊದಲನೆಯದು ಒಂದು ಐಪಿ ಕೊಡಬೇಕು. ಎರಡನೆಯದು ಏನೂ ಕೊಡಬಾರದು. ಎರಡನೆಯದಕ್ಕೂ ಉತ್ತರ ಬಂದರೆ ನಿಮ್ಮ ಗೋಡೆಯಲ್ಲಿ ಎಲ್ಲೋ ಬಿರುಕಿದೆ, ಹೆಚ್ಚಾಗಿ ಯಾರೋ ಬಾಗಿಲನ್ನೂ 'ಒಳಗೆ' ನೆಟ್‌ವರ್ಕಿಗೆ ಸೇರಿಸಿರುತ್ತಾರೆ. ಬಿಲ್ ನಡುವೆ ನಿಂತಿದೆ ಎಂದ ಮಾತ್ರಕ್ಕೆ ಆಚೆಯವರಿಗೆ ಈಚೆಯವರು ಕಾಣುವುದಿಲ್ಲ. ಬೇರೆ ಬೇರೆ ಬ್ರಿಜ್‌ಗಳ ನಡುವೆ ಡಾಕರ್ ಫೈರ್‌ವಾಲ್ ನಿಯಮ ಹಾಕಿ ತಡೆದಿರುತ್ತದೆ.

ಬಾಗಿಲು ಏಳದೆ, ಲಾಗ್‌ನಲ್ಲಿ 'ಹೋಸ್ಟ್ ನಾಟ್ ಫೌಂಡ್ ಇನ್ ಅಪ್‌ಸ್ಟ್ರೀಮ್' ಎಂದು ಬಂದರೆ ಎಂಜಿನ್‌ಎಕ್ಸನ್ನು ಬೈಯಬೇಡಿ. ಬಿಲ್ ಇನ್ನೂ ಎದ್ದಿಲ್ಲ, ಇಲ್ಲವೇ ಇಬ್ಬರೂ ಒಂದೇ ನೆಟ್‌ವರ್ಕಿನಲ್ಲಿಲ್ಲ.

ಕಾಟಾ: ಲ್ಯಾನ್‌ನ ಮೇಲೆ ಸ್ವಂತ ವಿಳಾಸ

ಇದನ್ನು ಓದುವ ಮೊದಲು, ಇದು ನಿಮಗೆ ಬೇಕೇ ಎಂದು ಕೇಳಿಕೊಳ್ಳಿ. ಸಾಧಾರಣ ಬ್ರಿಜ್ ಕಂಟೇನರ್ ಹೋಸ್ಟ್‌ನ ವಿಳಾಸ ಹೊದ್ದುಕೊಂಡು ಲ್ಯಾನ್‌ನ ಯಾವ ಯಂತ್ರಕ್ಕಾದರೂ ಹೋಗಿ ಮಾತಾಡಿ ಬರುತ್ತದೆ. ಕಂಟೇನರೇ ಹೋಗಿ ಕಾಟಾದ ತೂಕ ಕೇಳುವುದಾದರೆ ಅಷ್ಟೇ ಸಾಕು. ನಮ್ಮ ಮಿಲ್‌ನಲ್ಲಿ ಕನ್ವರ್ಟರೇ ತೂಕವನ್ನು ಗೊತ್ತಾದ ಪೋರ್ಟಿಗೆ ತಳ್ಳುತ್ತದೆ. ಹೋಸ್ಟ್‌ನ ಆ ಪೋರ್ಟನ್ನು ಹಳೆಯ ಕಾಟಾ ಚೀಟಿ ಪ್ರೋಗ್ರಾಂ ಹಿಡಿದು ಕೂತಿದೆ. ಅದನ್ನು ತೆಗೆಯೋಣ ಎಂದರೆ ಯಜಮಾನರು ಒಪ್ಪುವುದಿಲ್ಲ, ಅವರಿಗೆ ಆ ಚೀಟಿಯ ಆಕಾರ ಬದಲಾಗಬಾರದು. ಕನ್ವರ್ಟರ್‌ನಲ್ಲಿ ಕಳಿಸುವ ಇನ್ನೊಂದು ವಿಳಾಸ ಸೇರಿಸಲು ಅವಕಾಶವಿತ್ತು. ಹಾಗಾಗಿ ಬಿಲ್‌ಗೆ ಆ ಸ್ವಿಚ್‌ನ ಮೇಲೆ ಸ್ವಂತ ವಿಳಾಸ ಬೇಕಾಯಿತು. ಹಾಗೆ ಕಂಟೇನರ್‌ಗೆ ಲ್ಯಾನ್‌ನ ಮೇಲೆ ಸ್ವಂತ ವಿಳಾಸ ಕೊಡುವ ನೆಟ್‌ವರ್ಕ್ ಬಗೆಯೇ ಮ್ಯಾಕ್‌ವಿಲ್ಯಾನ್:

ಡಾಕರ್ ನೆಟ್‌ವರ್ಕ್ ಕ್ರಿಯೇಟ್ -ಡಿ ಮ್ಯಾಕ್‌ವಿಲ್ಯಾನ್ --ಸಬ್‌ನೆಟ್ 192.168.40.0/24 --ಗೇಟ್‌ವೇ 192.168.40.1 -ಓ ಪೇರೆಂಟ್=ಇಎನ್‌ಪಿ3ಎಸ್0 ಕಾಟಾ
ಡಾಕರ್ ನೆಟ್‌ವರ್ಕ್ ಕನೆಕ್ಟ್ --ಐಪಿ 192.168.40.20 ಕಾಟಾ ಬಿಲ್

ಸಬ್‌ನೆಟ್ ಎಂದರೆ ಆ ನೆಟ್‌ವರ್ಕಿನ ವಿಳಾಸಗಳ ಸಾಲು, ಗೇಟ್‌ವೇ ಎಂದರೆ ಹೊರಗೆ ದಾರಿ ತೋರಿಸುವ ರೂಟರಿನ ವಿಳಾಸ, ಪೇರೆಂಟ್ ಎಂದರೆ ಕಾಟಾದ ಸ್ವಿಚ್‌ಗೆ ಹೋಗುವ ಲ್ಯಾನ್ ಕಾರ್ಡಿನ ಹೆಸರು; 'ಐಪಿ ಅಡ್ರ್' ಹೊಡೆದರೆ ನಿಮ್ಮಲ್ಲಿ ಏನಿದೆ ಗೊತ್ತಾಗುತ್ತದೆ. ವೈಫೈ ಮೇಲೆ ಮ್ಯಾಕ್‌ವಿಲ್ಯಾನ್ ಸಾಮಾನ್ಯವಾಗಿ ನಡೆಯುವುದಿಲ್ಲ, ವೈರ್ ಎಳೆಯಿರಿ. ರೂಟರ್ ವಿಳಾಸ ಹಂಚುವ ಜಾಗವಾದರೆ ಅದು ಹಂಚುವ ಸಾಲಿನ ಆಚೆಯ ಸಂಖ್ಯೆ ಆರಿಸಿ. ಡಾಕರ್ ರೂಟರನ್ನು ಕೇಳುವುದಿಲ್ಲ, ತಾನೇ ಕೊಟ್ಟುಬಿಡುತ್ತದೆ. ಆಮೇಲೆ ಒಂದೇ ವಿಳಾಸಕ್ಕೆ ಕ್ಯಾಮೆರಾವೂ ಕಂಟೇನರೂ ಜಗಳ.

ಇನ್ನೊಂದು ವಿಚಿತ್ರ: ಹೋಸ್ಟ್ ತನ್ನದೇ ಮ್ಯಾಕ್‌ವಿಲ್ಯಾನ್ ಕಂಟೇನರ್ ಜೊತೆ ಆ ವಿಳಾಸದಲ್ಲಿ ಮಾತಾಡಲಾರದು. ಹೋಸ್ಟ್‌ನಿಂದ 192.168.40.20 ಗೆ ಪಿಂಗ್ ಹೊಡೆದು ಸತ್ತಿದೆ ಎಂದು ತೀರ್ಮಾನಿಸಬೇಡಿ, ಬೇರೆ ಯಂತ್ರದಿಂದ ಹೊಡೆಯಿರಿ. ಬಿಲ್‌ಗೆ 'ಮುಂದೆ'ಯಲ್ಲೂ ಒಂದು ಕಾಲಿದೆಯಲ್ಲ, ಹೋಸ್ಟ್‌ಗೆ ಆ ದಾರಿ ತೆರೆದೇ ಇರುತ್ತದೆ. ಎರಡು ನೆಟ್‌ವರ್ಕ್‌ನ ಲಾಭ ಇಲ್ಲಿಯೂ ಒದಗಿತು.

ಇಂಟರ್ನೆಟ್ ಎಲ್ಲಿ ಹೋಯಿತು

ಕಾಟಾಕ್ಕೆ ಕನೆಕ್ಟ್ ಮಾಡಿದ ಕೂಡಲೇ ತೂಕ ಬರಲು ಶುರುವಾಯಿತು. ಅದೇ ಗಳಿಗೆಗೆ ಇ-ವೇ ಬಿಲ್ ನಿಂತಿತು. ಅಂಗಳದಲ್ಲಿ ಲಾರಿ ಸಾಲು, ಪ್ರೋಗ್ರಾಂ ಮಾತ್ರ 'ಟೈಮ್ ಔಟ್' ಎನ್ನುತ್ತಿದೆ. ಡಿಬಿ ಸಿಗುತ್ತಿದೆ, ಬಾಗಿಲು ತೆರೆಯುತ್ತಿದೆ, ಹೋಸ್ಟ್‌ನಲ್ಲಿ ಇಂಟರ್ನೆಟ್ ಚೆನ್ನಾಗಿದೆ. ಇಂಥ ಹೊತ್ತಲ್ಲಿ ಲೈನ್ ಕೊಟ್ಟವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಕಂಟೇನರ್ ಒಳಗೇ ನೋಡಬೇಕು:

ಡಾಕರ್ ಎಕ್ಸೆಕ್ ಬಿಲ್ ಐಪಿ ರೂಟ್

ಇಮೇಜ್‌ನಲ್ಲಿ ಐಪಿ ಕಮಾಂಡ್ ಇಲ್ಲದಿದ್ದರೆ ಅದೇ ನೆಟ್‌ವರ್ಕನ್ನು ಹಂಚಿಕೊಳ್ಳುವ ಒಂದು ಪುಟ್ಟ ಕಂಟೇನರ್ ಎಬ್ಬಿಸಿ:

ಡಾಕರ್ ರನ್ --ಆರ್‌ಎಂ --ನೆಟ್‌ವರ್ಕ್ ಕಂಟೇನರ್:ಬಿಲ್ ಆಲ್ಪೈನ್ ಐಪಿ ರೂಟ್

ಬರುವ ಸಾಲುಗಳಲ್ಲಿ 'ಡಿಫಾಲ್ಟ್ ವಯಾ' ಎಂದು ಶುರುವಾಗುವುದು ಒಂದೇ. ನಮ್ಮಲ್ಲಿ ಅದು ಹೀಗಿತ್ತು: ಡಿಫಾಲ್ಟ್ ವಯಾ 192.168.40.1. ಅಂದರೆ ಊರ ಹೊರಗೆ ಹೋಗುವ ಪ್ರತಿ ಪ್ಯಾಕೆಟ್ಟೂ ಕಾಟಾದ ಸ್ವಿಚ್‌ಗೆ ಹೋಗಿ ಅಲ್ಲಿಲ್ಲದ ರೂಟರನ್ನು ಹುಡುಕುತ್ತಿದೆ. ಆ ಸ್ವಿಚ್‌ನಲ್ಲಿ ಇರುವುದು ಕನ್ವರ್ಟರ್ ಒಂದೇ, 40.1 ಎನ್ನುವವರು ಯಾರೂ ಇಲ್ಲ. ಮ್ಯಾಕ್‌ವಿಲ್ಯಾನ್ ಉದಾಹರಣೆಗಳಲ್ಲೆಲ್ಲ --ಗೇಟ್‌ವೇ ಇರುತ್ತದೆ ಎಂದು ಅದನ್ನೂ ಸೇರಿಸಿ ಬರೆಯುವುದು ರೂಢಿಯಾಗಿಬಿಟ್ಟಿದೆ.

ಕಂಟೇನರ್ ಎಷ್ಟು ನೆಟ್‌ವರ್ಕಿನಲ್ಲಿದ್ದರೂ ಡಿಫಾಲ್ಟ್ ದಾರಿ ಒಂದೇ. ಅದನ್ನು ಯಾವ ನೆಟ್‌ವರ್ಕಿಗೆ ಕೊಡಬೇಕು ಎಂದು ನಾವು ಹೇಳದಿದ್ದರೆ, ಇಂಟರ್ನಲ್ ಅಲ್ಲದವುಗಳಲ್ಲಿ ಹೆಸರಿನ ಅಕ್ಷರಕ್ರಮದಲ್ಲಿ ಮೊದಲು ಬರುವುದಕ್ಕೆ ಡಾಕರ್ ಕೊಡುತ್ತದೆ. ಯಾವುದಕ್ಕೆ ಮೊದಲು ಸೇರಿಸಿದಿರಿ ಎಂಬುದು ಲೆಕ್ಕಕ್ಕಿಲ್ಲ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಕಾಟಾದ ಕೆ, ಮುಂದೆಯ ಎಂ ಗಿಂತ ಮೊದಲು. ಅಷ್ಟಕ್ಕೇ ಲಾರಿ ನಿಂತವು.

ಡಾಕರ್ ಎಂಜಿನ್ 28, ಅಂದರೆ 2025ರ ಫೆಬ್ರವರಿಯಿಂದ ಈಚೆಗಿನದು ಇದ್ದರೆ ಸರಿಯಾದ ಮದ್ದಿದೆ. 'ಮುಂದೆ'ಯನ್ನು ಒಮ್ಮೆ ಬಿಡಿಸಿ ಹೀಗೆ ಸೇರಿಸಿ:

ಡಾಕರ್ ನೆಟ್‌ವರ್ಕ್ ಡಿಸ್ಕನೆಕ್ಟ್ ಮುಂದೆ ಬಿಲ್
ಡಾಕರ್ ನೆಟ್‌ವರ್ಕ್ ಕನೆಕ್ಟ್ --ಜಿಡಬ್ಲ್ಯೂ-ಪ್ರಿಯಾರಿಟಿ 1 ಮುಂದೆ ಬಿಲ್

ಎಲ್ಲಕ್ಕೂ ಮೊದಲೇ ಇರುವ ಬೆಲೆ 0, ದೊಡ್ಡ ಸಂಖ್ಯೆ ಗೆಲ್ಲುತ್ತದೆ. ಹಳೆಯ ಡಾಕರ್ ಇರುವ ಪೆಟ್ಟಿಗೆಗಳಲ್ಲಿ ನಾನು ನೆಟ್‌ವರ್ಕ್‌ನ ಹೆಸರನ್ನೇ ಬದಲಿಸುತ್ತೇನೆ: 'ಕಾಟಾ' ಅಳಿಸಿ 'ತೂಕ' ಎಂದು ಇಟ್ಟರೆ ಟಿ ಅಕ್ಷರ ಎಂ ನಂತರ ಬರುತ್ತದೆ, ದಾರಿ 'ಮುಂದೆ'ಗೆ ಹೋಗುತ್ತದೆ. ನೋಡಲು ಜುಗಾಡ್, ಆದರೆ ಕೆಲಸ ಮಾಡುತ್ತದೆ. ಯಾಕೆ ಹಾಗಿಟ್ಟಿದೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆದಿಡಿ, ಇಲ್ಲದಿದ್ದರೆ ಮುಂದಿನವನು ಬಂದು ಹೆಸರು 'ಸರಿ' ಮಾಡುತ್ತಾನೆ.

ಈ ಬದಲಾವಣೆಯ ಮೇಲೆ ಐಪಿ ರೂಟ್ ಮತ್ತೆ ನೋಡಿ. ಡಿಫಾಲ್ಟ್ ವಯಾ 172 ರಿಂದ ಶುರುವಾಗುವ ವಿಳಾಸ ಬರಬೇಕು, 192.168.40.0/24 ಬೇರೆ ಸಾಲಾಗಿ ಉಳಿದಿರಬೇಕು. ಇಟಿಎಚ್0, ಇಟಿಎಚ್1 ಎಂಬ ಹೆಸರುಗಳು ಮಾತ್ರ ಯಾವಾಗ ಯಾವುದಕ್ಕೆ ಎಂದು ನಂಬಬೇಡಿ, ನಿಮ್ಮ ಪ್ರೋಗ್ರಾಂನಲ್ಲಿ ಅವನ್ನು ಬರೆದಿಡಬೇಡಿ. ಪ್ರೋಗ್ರಾಂ 0.0.0.0 ಮೇಲೆ ಕಿವಿಗೊಟ್ಟರೆ ಎಲ್ಲ ಕಾಲಿನಿಂದ ಬಂದದ್ದೂ ಕೇಳಿಸುತ್ತದೆ. ತೂಕದ ಪೋರ್ಟ್ ಕಾಟಾ ಕಡೆಯಿಂದ ಮಾತ್ರ ಸಾಕು ಎನಿಸಿದರೆ 192.168.40.20 ಎಂದೇ ಕಟ್ಟಿಹಾಕಿ.

ಕೈಯಿಂದ ಮಾಡಿದ್ದು ಕೈಯಲ್ಲೇ ಉಳಿಯುತ್ತದೆ

ಕನೆಕ್ಟ್ ಮಾಡಿದ್ದು ಕಂಟೇನರ್ ನಿಲ್ಲಿಸಿ ಎಬ್ಬಿಸಿದರೂ ಇರುತ್ತದೆ. ಕಂಟೇನರ್ ಅಳಿಸಿ ಹೊಸದು ಹುಟ್ಟಿಸಿದರೆ ಇರುವುದಿಲ್ಲ, ಮತ್ತು ಇಮೇಜ್ ಬದಲಾದಾಗಲೆಲ್ಲ ನಾವು ಮಾಡುವುದು ಅದನ್ನೇ. ಆದ್ದರಿಂದ ಕೊನೆಗೆ ಎಲ್ಲವನ್ನೂ ಕಂಪೋಸ್ ಫೈಲಿಗೆ, ಅಂದರೆ ಎಲ್ಲ ಕಂಟೇನರ್‌ಗಳ ಸಂರಚನೆಯನ್ನು ಒಟ್ಟಿಗೆ ಬರೆದಿಡುವ ಫೈಲಿಗೆ, ಇಳಿಸಿ. ನೆಟ್‌ವರ್ಕ್‌ಗೆ ಸಂಬಂಧಿಸಿದಷ್ಟು ಭಾಗ ಹೀಗಿರುತ್ತದೆ:

ಸರ್ವಿಸಸ್:
  ಬಾಗಿಲು:
    ಪೋರ್ಟ್ಸ್: ["8080:80"]
    ನೆಟ್‌ವರ್ಕ್ಸ್: [ಮುಂದೆ]
  ಬಿಲ್:
    ನೆಟ್‌ವರ್ಕ್ಸ್:
      ಮುಂದೆ:
        ಜಿಡಬ್ಲ್ಯೂ_ಪ್ರಿಯಾರಿಟಿ: 1
      ಒಳಗೆ: {}
      ಕಾಟಾ:
        ಐಪಿವಿ4_ಅಡ್ರೆಸ್: 192.168.40.20
  ಡಿಬಿ:
    ನೆಟ್‌ವರ್ಕ್ಸ್: [ಒಳಗೆ]
ನೆಟ್‌ವರ್ಕ್ಸ್:
  ಮುಂದೆ: {}
  ಒಳಗೆ:
    ಇಂಟರ್ನಲ್: ಟ್ರೂ
  ಕಾಟಾ:
    ಎಕ್ಸ್‌ಟರ್ನಲ್: ಟ್ರೂ

ಕಾಟಾವನ್ನು ನಾನು ಎಕ್ಸ್‌ಟರ್ನಲ್ ಇಡುತ್ತೇನೆ, ಅಂದರೆ ಕಂಪೋಸ್ ಅದನ್ನು ಹುಟ್ಟಿಸುವುದಿಲ್ಲ, ಅಳಿಸುವುದೂ ಇಲ್ಲ; ನಾವು ಕೈಯಿಂದ ಮಾಡಿದ್ದನ್ನು ಬಳಸುತ್ತದೆ. ಉಳಿದ ಎರಡರ ಹೆಸರಿನ ಮುಂದೆ ಕಂಪೋಸ್ ಪ್ರಾಜೆಕ್ಟಿನ ಹೆಸರು ಅಂಟಿಸುತ್ತದೆ: ಫೋಲ್ಡರ್ 'ಮಿಲ್' ಆದರೆ ನೆಟ್‌ವರ್ಕ್ 'ಮಿಲ್_ಮುಂದೆ'. ಅಕ್ಷರಕ್ರಮ ನಂಬಿಕೊಂಡವರು ಇದನ್ನು ಮರೆಯಬಾರದು. ಜಿಡಬ್ಲ್ಯೂ_ಪ್ರಿಯಾರಿಟಿ ಸಾಲು ಕೆಲಸ ಮಾಡಲು ಕಂಪೋಸ್ 2.33.1 ಅಥವಾ ಅದಕ್ಕಿಂತ ಹೊಸದು ಬೇಕು. ಅದೇ ಜಾಗದಲ್ಲಿ ಬರಿ 'ಪ್ರಿಯಾರಿಟಿ' ಎಂಬ ಇನ್ನೊಂದು ಸಾಲೂ ಇದೆ, ಅದು ಸೇರಿಸುವ ಕ್ರಮಕ್ಕೆ ಸಂಬಂಧಿಸಿದ್ದು, ಗೇಟ್‌ವೇಗಲ್ಲ.

ಸರ್ವಿಸ್ ಒಂದಕ್ಕೆ ನೆಟ್‌ವರ್ಕ್ಸ್ ಎಂದು ಬರೆದ ಕ್ಷಣ ಅದು ಕಂಪೋಸ್ ತಾನಾಗಿ ಕೊಡುವ ಡಿಫಾಲ್ಟ್ ನೆಟ್‌ವರ್ಕಿನಿಂದ ಹೊರಬೀಳುತ್ತದೆ. ಅದೂ ಬೇಕಾದರೆ 'ಡಿಫಾಲ್ಟ್' ಎಂದು ಪಟ್ಟಿಯಲ್ಲಿ ಹೇಳಬೇಕು. ಒಂದಕ್ಕೆ ಬರೆದು ಇನ್ನೊಂದಕ್ಕೆ ಬರೆಯದೆ, ಇಬ್ಬರೂ ಒಬ್ಬರಿಗೊಬ್ಬರು ಕಾಣದೆ ಕೂರುವುದು ಹೆಚ್ಚಾಗಿ ಇದರಿಂದಲೇ.

ಪೋರ್ಟ್ ತೆರೆಯುವಾಗ ಕೈ ಬಿಗಿ ಇರಲಿ. "8080:80" ಎಂದರೆ ಹೋಸ್ಟ್‌ನ ಎಲ್ಲ ಕಾರ್ಡುಗಳ ಮೇಲೂ ತೆರೆಯುತ್ತದೆ, ಕಾಟಾದ ಸ್ವಿಚ್ ಕಡೆಯೂ. ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ ಮುಚ್ಚಿದ್ದೇನೆ ಎಂದು ನಿಶ್ಚಿಂತರಾಗಬೇಡಿ, ಡಾಕರ್ ತೆರೆದ ಪೋರ್ಟ್ ಅದನ್ನು ದಾಟಿ ಹೋಗುತ್ತದೆ. ಆಫೀಸಿನ ಕಡೆಗೆ ಮಾತ್ರ ಸಾಕಾದರೆ ಪೋರ್ಟಿಗೆ ಮೊದಲು ಆ ಕಡೆಯ ಕಾರ್ಡಿನ ಐಪಿ ಬರೆಯಿರಿ, "192.168.1.10:8080:80" ಎನ್ನುವ ಹಾಗೆ.

ಸಬ್‌ನೆಟ್ ಬಗ್ಗೆ ಎರಡೇ ಮಾತು. ಡಾಕರ್ ಹೊಸ ಬ್ರಿಜ್‌ಗಳಿಗೆ 172.18, 172.19 ಎಂದು 172.31 ರವರೆಗೆ ಹೋಗಿ, ಆಮೇಲೆ 192.168 ಕ್ಕೆ ಕೈ ಹಾಕುತ್ತದೆ. ಆ ಹೊತ್ತಿಗೆ ಹೋಸ್ಟ್‌ನಲ್ಲಿರುವ ದಾರಿಗಳನ್ನು ನೋಡಿ ತಪ್ಪಿಸುತ್ತದೆ, ನಿಜ. ಆದರೆ ನೀವು ನಾಳೆ ಹಾಕುವ ವಿಪಿಎನ್ ಅದಕ್ಕೆ ಗೊತ್ತಿಲ್ಲ. ಕ್ರಿಯೇಟ್ ಮಾಡುವಾಗಲೇ --ಸಬ್‌ನೆಟ್ 10.50.1.0/24 ಎಂದು ನೀವೇ ಹೇಳಿ, ಅಥವಾ ಡಾಕರ್‌ನ ಡೀಮನ್.ಜೆಸನ್ ಫೈಲಿನಲ್ಲಿ 'ಡಿಫಾಲ್ಟ್-ಅಡ್ರೆಸ್-ಪೂಲ್ಸ್' ಬರೆದಿಡಿ.

ಪ್ರಯೋಗ ಮಾಡಿ ಉಳಿದ ನೆಟ್‌ವರ್ಕ್‌ಗಳನ್ನು ಅಳಿಸುವಾಗ 'ಆಕ್ಟಿವ್ ಎಂಡ್‌ಪಾಯಿಂಟ್ಸ್' ಎಂದು ಡಾಕರ್ ತಕರಾರು ತೆಗೆದರೆ, ಯಾರೋ ಇನ್ನೂ ಒಳಗಿದ್ದಾರೆ. ಡಾಕರ್ ನೆಟ್‌ವರ್ಕ್ ಇನ್‌ಸ್ಪೆಕ್ಟ್ ಹೊಡೆದರೆ 'ಕಂಟೇನರ್ಸ್' ಭಾಗದಲ್ಲಿ ಹೆಸರು ಕಾಣುತ್ತದೆ, ಡಿಸ್ಕನೆಕ್ಟ್ ಮಾಡಿ ಅಳಿಸಿ. ಕಂಟೇನರೇ ಇಲ್ಲದೆ ಹೆಸರು ಮಾತ್ರ ಉಳಿದಿದ್ದರೆ ಡಿಸ್ಕನೆಕ್ಟ್ ಜೊತೆಗೆ -ಎಫ್ ಹಾಕಿ.